‘ಡಿಸೆಂಟ್’ ಅಂದರ ಎದುರು ಮಾತಲ್ಲ

(ಮಾಳಮಡ್ಡಿಯಲ್ಲಿ ಹಾಸ್ಟೆಲ್ ಮತ್ತು ಕಾಲೇಜು ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಮಾತಿನ ರೂಪವನ್ನು ಆದಷ್ಟು ಹಾಗೆಯೇ ಉಳಿಸಿದೆ.)



ಒಂದು ಇಂಗ್ಲಿಷ್ ಶಬ್ದದ ಮ್ಯಾಲೆ ಮಾತಾಡರಿ ಅಂತ ನೀವು ಕರೆದಾಗ ನಮಗೆ ನಗು ಬಂತು. ತಲೆಮಾರುಗಳಿಂದ ಇಂಗ್ಲಿಷ್ ಓದಿದ ಮನೆಗಳಿರುವ ಈ ಮಾಳಮಡ್ಡಿಯಲ್ಲಿ ಕೂತು, ಮನೆಯಲ್ಲಿ ಮೊದಲ ಸಲ ಅಕ್ಷರ ಕಲಿತ ನಾವು ಇಂಗ್ಲಿಷ್ ಶಬ್ದದ ಅರ್ಥ ಹೇಳೂದು! ಆದರೆ ಈ ಶಬ್ದ ನಮಗೆ ಡಿಕ್ಷನರಿಯಿಂದ ಬಂದದ್ದಲ್ಲ, ಹಾಸ್ಟೆಲಿನ ರಜಿಸ್ಟರಿನಿಂದ ಬಂದದ್ದು. ಅದನ್ನೇ ಮೊದಲು ಹೇಳತೇವಿ.

ನಾವು ಓದುವಾಗಿನ ಒಂದು ಹಾಸ್ಟೆಲ್. ಊರು ಬ್ಯಾಡ, ಹೆಸರು ಬ್ಯಾಡ. ಊಟದ ಕಮಿಟಿಯಲ್ಲಿ ಹುಡುಗರ ಪರವಾಗಿ ನಾವಿಬ್ಬರು. ತಿಂಗಳ ಕೊನೆಗೆ ವಾರ್ಡನ್ನರು ರಜಿಸ್ಟರ್ ಮುಂದಿಡುತ್ತಿದ್ದರು. ಇಷ್ಟು ಕಿಲೋ ಜೋಳ, ಇಷ್ಟು ಬೇಳೆ, ಇಷ್ಟು ಎಣ್ಣಿ, ಊಟ ತೃಪ್ತಿಕರ ಎಂದು ಒಮ್ಮತದ ಠರಾವು. ಕೆಳಗೆ ನಮ್ಮ ಸಹಿ. ಸಾರಿನೊಳಗ ಬೇಳೆ ಹುಡುಕಬೇಕಾಗಿದ್ದ ದಿನಗಳವು. ಒಂದು ತಿಂಗಳು ನಮ್ಮ ಜೊತೆಯವನು ಸಹಿ ಮಾಡಲಿಲ್ಲ. ‘ಎದುರು ಮಾತಾಡ್ತೀ ಏನಲೇ?’ ಅಂದರು. ಅವನು ಮಾತೇ ಆಡಿರಲಿಲ್ಲ! ಪೆನ್ನು ಕೆಳಗಿಟ್ಟಿದ್ದ, ಅಷ್ಟೇ. ಅಲ್ಲೇ ಲೆಕ್ಕ ಬರೆಯುತ್ತ ಕೂತಿದ್ದ ವಯಸ್ಸಾದ ಗುಮಾಸ್ತರೊಬ್ಬರು ಆಮೇಲೆ ಹೊರಗೆ ಬಂದು ಮೆಲ್ಲಗೆ ಹೇಳಿದರು: ‘ತಮ್ಮಾ, ಸಹಿ ಮಾಡದ ಎದ್ದು ಬಂದರ ಗೈರುಹಾಜರಿ ಅಂತ ಬರೀತಾರ. ಡಿಸೆಂಟ್ ಅಂತ ಬರಿ, ಕಾರಣ ಬರಿ, ಅದರ ಕೆಳಗ ಸಹಿ ಮಾಡು.’

ಸ್ಪೆಲ್ಲಿಂಗ್ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಕನ್ನಡದಲ್ಲೇ ‘ಡಿಸೆಂಟ್’ ಅಂತ ಬರೆದು, ಎರಡು ದಿನ ತೂಗಿ ನೋಡಿದ ಬೇಳೆಯ ತೂಕವನ್ನು ಅವನು ಮೂರು ಸಾಲಿನಲ್ಲಿ ಬರೆದ.

ಈಗ ಶಬ್ದಕ್ಕೆ ಬರೋಣ. ಇದರ ಬೇರು ಲ್ಯಾಟಿನ್. ‘ಡಿಸ್’ ಅಂದರೆ ಬೇರೆ, ‘ಸೆಂಟೀರೆ’ ಅಂದರೆ ಅನಿಸುವುದು. ಬೇರೆ ಅನಿಸುವುದು, ಇಷ್ಟೇ. ಆದರೆ ಬಳಕೆ ನೋಡಿರಿ. ಗೆಳೆಯನ ಕೂಡ ಸಿನಿಮಾದ ಬಗ್ಗೆ ವಾದ ಮಾಡಿದರೆ ಅದು ‘ಡಿಸೆಗ್ರೀ’. ಅದರ ಮುಂದೆ ‘ವಿತ್’ ಬರುತ್ತದೆ, ಅವನ ಜೊತೆ. ‘ಡಿಸೆಂಟ್’ ಮುಂದೆ ಬರುವುದು ‘ಫ್ರಮ್’. ಅಂದರೆ ಹೆಚ್ಚು ಮಂದಿ ಅಥವಾ ಅಧಿಕಾರ ಇದ್ದವರು ಒಂದು ಠರಾವು ಮಾಡಿರಬೇಕು. ಅದರಿಂದ ನೀವು ಬೇರೆ ನಿಲ್ಲಬೇಕು. ‘ಪ್ರೊಟೆಸ್ಟ್’ ಬೀದಿಯಲ್ಲಿ ನಿಂತೂ ಮಾಡಬಹುದು. ಕಮಿಟಿಯ ಪುಸ್ತಕದಲ್ಲಿ ಡಿಸೆಂಟ್ ಬರೆಯಬೇಕಾದರೆ ಮಾತ್ರ ಅಲ್ಲೊಂದು ಕುರ್ಚಿ ಬೇಕು. ಕುರ್ಚಿ ಇಲ್ಲದವರ ಡಿಸೆಂಟಿಗೆ ಊರೊಳಗ ಬೇರೆ ಹೆಸರದಾವ: ಸೊಕ್ಕು, ಉದ್ಧಟತನ, ಎದುರು ಮಾತು.

ಕನ್ನಡದಲ್ಲಿ ಏನನ್ನಬೇಕು? ಪತ್ರಿಕೆಯವರು ‘ಭಿನ್ನಮತ’ ಅಂತಾರೆ. ಮಂತ್ರಿಗಿರಿ ಸಿಗದ ಶಾಸಕರು ರೆಸಾರ್ಟಿಗೆ ಹೋದರೂ ಅದು ಭಿನ್ನಮತವೇ, ಹಿಂಗಾಗಿ ಆ ಶಬ್ದ ಕೆಟ್ಟುಹೋಗಿದೆ. ನಮ್ಮ ಕಡೆ ‘ತಕರಾರು’ ಇದೆ. ಹೊಲದ ಖಾತೆ ಬದಲಿಯಾಗುವಾಗ ‘ತಕರಾರು ಅರ್ಜಿ’ ಕೊಟ್ಟರೆ ಅದಕ್ಕೆ ನಂಬರು ಬೀಳುತ್ತದೆ, ವಿಚಾರಣೆ ಆಗುತ್ತದೆ. ಅದೇ ಹೊಲದಲ್ಲಿ ದುಡಿಯುವವನು ಕೂಲಿ ಕೇಳಿದರೆ ‘ತಕರಾರಿನ ಮನುಷ್ಯಾ’ ಅಂತ ಬೈಗುಳ. ನಮಗೆ ಬೇಕಾದದ್ದು ಮೊದಲನೇ ತಕರಾರು.

ಇನ್ನೊಂದು ಮಜಾ. ‘ಹುಟ್ಟಿನ ಮೂಲ, ವಂಶ’ ಅನ್ನುವುದಕ್ಕೂ ಇಂಗ್ಲಿಷಿನಲ್ಲಿ ಡಿಸೆಂಟ್ ಅಂತಲೇ ಉಚ್ಚಾರ; ಸ್ಪೆಲ್ಲಿಂಗ್ ಬೇರೆ. ಸರ್ಕಾರಿ ನೌಕರಿಯಲ್ಲಿ ಯಾವ ಯಾವ ಕಾರಣಕ್ಕೆ ಭೇದ ಮಾಡಬಾರದು ಅಂತ ಹೇಳುವ ಸಂವಿಧಾನದ 16(2)ನೇ ವಿಧಿಯಲ್ಲಿ ಜಾತಿಯ ಜೊತೆಗೆ ಆ ಶಬ್ದವೂ ಇದೆ. ‘ಸಭ್ಯ’ ಅನ್ನುವುದು ಡೀಸೆಂಟ್. ಈ ಮೂರೂ ನಮ್ಮ ಬದುಕಿನಲ್ಲಿ ಗಂಟು ಬಿದ್ದಿವೆ. ಹುಟ್ಟು ನೋಡಿ ದೂರ ಇಡುತ್ತಾರೆ, ಬೇರೆ ಮಾತಾಡಿದರೆ ಡೀಸೆಂಟಾಗಿರು ಅಂತಾರೆ.

ಇಂಗ್ಲೆಂಡಿನಲ್ಲಿ ‘ಡಿಸೆಂಟರ್ಸ್’ ಅಂತಲೇ ಒಂದು ಜನವರ್ಗ ಇತ್ತು. ಅಲ್ಲಿಯ ರಾಜಮಾನ್ಯ ಚರ್ಚಿನ ಪದ್ಧತಿ ಒಪ್ಪದ ಕ್ರೈಸ್ತರು. 1662ರ ಕಾನೂನು ಒಪ್ಪದ ಪಾದ್ರಿಗಳು ಕೆಲಸ ಕಳಕೊಂಡರು. ನಿಮಗೆ ಮುಖ್ಯವಾದದ್ದು ಇದು: ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಇವರಿಗೆ ಪದವಿ ಸಿಗುತ್ತಿರಲಿಲ್ಲ. ಆ ತಡೆ ಬಹುಮಟ್ಟಿಗೆ ಹೋಗಲಿಕ್ಕೆ 1871 ಬರಬೇಕಾಯಿತು. ನಡುವೆ ಅವರು ಸುಮ್ಮನೆ ಕೂಡಲಿಲ್ಲ, ತಮ್ಮವೇ ಶಾಲೆಗಳನ್ನು ಕಟ್ಟಿಕೊಂಡರು. ಆದರೂ ಅವರ ನೀರನ್ನು ಯಾರೂ ಮೈಲಿಗೆ ಅನ್ನಲಿಲ್ಲ. ಹೋಲಿಕೆಗೆ ಮಿತಿ ಇದೆ ಅಂತ ಇಷ್ಟು ಹೇಳಿದೆವು.

ನಮ್ಮ ಮಟ್ಟಿಗೆ ಡಿಸೆಂಟಿನ ದೊಡ್ಡ ಪಾಠ 1929ರದ್ದು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಸೈಮನ್ ಕಮಿಷನ್ನಿನ ಜೊತೆ ಕೆಲಸ ಮಾಡಲು ಮುಂಬಯಿ ಶಾಸನಸಭೆ 1928ರಲ್ಲಿ ಒಂದು ಕಮಿಟಿ ಆರಿಸಿತು. ಬಾಬಾಸಾಹೇಬರು ಅದರ ಸದಸ್ಯರು. ಕಮಿಟಿಯ ವರದಿ ತಯಾರಾದಾಗ ಅವರು ಸಹಿ ಹಾಕಲಿಲ್ಲ. ಎದ್ದೂ ಹೋಗಲಿಲ್ಲ. 1929ರ ಮೇ 17ರಂದು ತಮ್ಮದೇ ಬೇರೆ ವರದಿ ಕೊಟ್ಟರು, ಒಂದೊಂದಕ್ಕೂ ಕಾರಣ ಬರೆದು. ಆಸ್ತಿ ಇದ್ದವರಿಗಷ್ಟೇ ಓಟು ಇದ್ದ ಕಾಲದಲ್ಲಿ, ವಯಸ್ಸಿಗೆ ಬಂದ ಎಲ್ಲ ಗಂಡಸರಿಗೂ ಹೆಂಗಸರಿಗೂ ಓಟು ಬೇಕೆಂದು ಕೇಳಿದರು. ಅವತ್ತು ಅದು ಒಬ್ಬರ ಬರಹ. ಸ್ವತಂತ್ರ ಭಾರತದ ಮೊದಲ ಚುನಾವಣೆ ಆ ತತ್ವದ ಮೇಲೆಯೇ ನಡೆಯಿತು.

ಅದೇ ವರದಿಯಲ್ಲಿ, ಕರ್ನಾಟಕವನ್ನು ಮುಂಬಯಿಯಿಂದ ಬೇರೆ ಮಾಡಬೇಕು ಅನ್ನುವ ಬೇಡಿಕೆಯನ್ನು ಅವರು ಒಪ್ಪಲಿಲ್ಲ. ಏಕೀಕರಣದ ಊರಾದ ಧಾರವಾಡದಲ್ಲಿ ನಿಂತು ಇದನ್ನು ನಾವು ಮುಚ್ಚಿಡುವುದಿಲ್ಲ. 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಅವರು ಬರೆದ ಪುಸ್ತಕದಲ್ಲಿ ಒಂದು ರಾಜ್ಯಕ್ಕೆ ಒಂದು ಭಾಷೆ ಇರಲಿ ಅನ್ನುವ ತನಕ ಬಂದಿದ್ದರು. ತಮ್ಮ ಹಳೆಯ ಮಾತಿನಿಂದ ತಾವೇ ಡಿಸೆಂಟ್ ಮಾಡಬಹುದು ಅಂತ ಆಯಿತು.

1973ರ ನವೆಂಬರಿನದು ನಿಮಗೆ ಗೊತ್ತು. ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಮಾತಿಗೆ ಮಾತಿನಿಂದ ಉತ್ತರ ಕೊಡಬಹುದಿತ್ತು. ಕೊಟ್ಟದ್ದು ಕಲ್ಲಿನಿಂದ, ಅದೂ ಹಾಸ್ಟೆಲ್ ಹುಡುಗರ ಮೇಲೆ. ಮಂತ್ರಿಗಿರಿ ಹೋಯಿತು. ಅವರದು ಬರೀ ಬೂಸಾ ಅಂದದ್ದು ಸರಿಯೋ, ಕಾಳೂ ಇತ್ತೋ ಅಂತ ನಾವು ಇವತ್ತೂ ಜಗಳಾಡತೇವಿ, ಆಡಬೇಕು. ಆದರೆ ಆ ಏಟು ತಿಂದವರೊಳಗಿಂದಲೇ ದಲಿತ ಸಂಘಟನೆ ಎದ್ದಿತು. ಇದೇ ಧಾರವಾಡದ ಕಲ್ಯಾಣನಗರದಲ್ಲಿ 2015ರ ಆಗಸ್ಟ್ 30ರ ಮುಂಜಾನೆ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಬರೆದದ್ದಕ್ಕೆ ಬರೆದು ಉತ್ತರ ಕೊಡಲು ಬಾರದವರು ಯಾವ ಮಟ್ಟಕ್ಕೆ ಹೋಗುತ್ತಾರೆ ಅನ್ನುವುದಕ್ಕೆ ಬ್ಯಾರೆ ಊರು ಹುಡುಕಬೇಕಾಗಿಲ್ಲ.

ಡಿಸೆಂಟ್ ಅಂದ ಕೂಡಲೇ ಅದು ನಮ್ಮ ಪರ ಅಂತಲೂ ತಿಳಿಯಬ್ಯಾಡರಿ. 2022ರ ನವೆಂಬರ್ 7ರಂದು ಆರ್ಥಿಕವಾಗಿ ಹಿಂದುಳಿದವರ 10 ಶೇಕಡಾ ಮೀಸಲಾತಿಯನ್ನು ಸುಪ್ರೀಂ ಕೋರ್ಟಿನ ಮೂವರು ಎತ್ತಿಹಿಡಿದರು. ನ್ಯಾಯಮೂರ್ತಿ ರವೀಂದ್ರ ಭಟ್, ಅವರ ಜೊತೆ ಮುಖ್ಯ ನ್ಯಾಯಮೂರ್ತಿ ಲಲಿತ್, ಬೇರೆ ಬರೆದರು: ಬಡವರಿಗೆ ಅಂತ ಮಾಡಿ ನಮ್ಮ ಬಡವರನ್ನೇ ಹೊರಗಿಡುವುದು ಭೇದ ಅಂತ. ಅದನ್ನು ನಾವು ಓದಿ ಚಪ್ಪಾಳೆ ಹೊಡೆದೆವು. 2024ರ ಆಗಸ್ಟ್ 1ರಂದು ಪರಿಶಿಷ್ಟ ಜಾತಿಗಳೊಳಗೆ ಒಳವರ್ಗೀಕರಣ ಮಾಡಬಹುದೆಂದು ಆರು ಜನ ಹೇಳಿದರು, ನ್ಯಾಯಮೂರ್ತಿ ಬೇಲಾ ತ್ರಿವೇದಿ ಒಬ್ಬರೇ ಒಪ್ಪಲಿಲ್ಲ. ಈಗ ಚಪ್ಪಾಳೆ ಯಾರಿಗೆ? ಈ ಚಾಪೆಯ ಮೇಲೆಯೇ ಎರಡೂ ಕಡೆಯವರು ಕೂತೀರಿ, ನಮಗೆ ಗೊತ್ತದ. ನಾವು ಆರು ಮಂದಿಯ ಕಡೆ. ಆದರೆ ಒಪ್ಪದ ಹುಡುಗನಿಗೆ ‘ಚಳವಳಿ ಒಡೀತಿ’ ಅಂತ ಬೈದರೆ, ನಾವು ಆ ವಾರ್ಡನ್ನರ ಕುರ್ಚಿಯಲ್ಲಿ ಕೂತಂತೆ.

ಹಾಂ, ಆ ರಜಿಸ್ಟರಿನದು ಉಳಿಯಿತು. ಬೇಳೆ ಒಂದೇ ದಿನಕ್ಕೆ ಗಟ್ಟಿ ಆಗಲಿಲ್ಲ. ಮುಂದಿನ ವರ್ಷ ನಮ್ಮಿಬ್ಬರನ್ನೂ ಕಮಿಟಿಯಿಂದ ತೆಗೆದರು. ಆದರೆ ಆ ಹಾಳೆ ಹರಿಯಲು ಬರಲಿಲ್ಲ, ಹಾಳೆಗಳಿಗೆ ನಂಬರು ಇತ್ತು. ಆಮೇಲೆ ತಪಾಸಣೆಗೆ ಬಂದ ಅಧಿಕಾರಿ ಅದನ್ನು ಓದಿ, ತಕ್ಕಡಿ ತರಿಸಿದರು.

ಚಾ ಬಂತು ಕಾಣತೈತಿ. ಕುಡಿದು ಬರ್ರಿ, 2024ರ ತೀರ್ಪಿನ ಬಗ್ಗೆ ಮಾತಾಡೋಣ. ನಮ್ಮನ್ನ ಒಪ್ಪದವರು ಮೊದಲು.