ನ್ಯಾಯದ ಬಾಗಿಲಲ್ಲಿ ಕಟ್ಟುವ ಹಣ

ಅಥಣಿ ಸೀಮೆಯ ಅನಂತಪುರದಲ್ಲಿ ಒಬ್ಬ ಬೆಳೆಗಾರನಿದ್ದಾನೆಂದು ಎಣಿಸಿರಿ. ತನ್ನ ಗಾಣದ ಬೆಲ್ಲವನ್ನು ಆತ ಒಬ್ಬ ವರ್ತಕನಿಗೆ ನಂಬುಗೆಯ ಮೇಲೆ ಕೊಟ್ಟ. ಎರಡು ಲಕ್ಷ ರೂಪಾಯಿ ಬರಬೇಕು. ವರ್ತಕ ಇಂದು, ನಾಳೆ ಎನ್ನುತ್ತ ವರ್ಷ ಕಳೆದ. ಹಿರಿಯರು ಹೇಳಿ ನೋಡಿದರು, ಫಲವಾಗಲಿಲ್ಲ. ಇನ್ನು ಉಳಿದುದು ಅಥಣಿಯ ನ್ಯಾಯಾಲಯ ಒಂದೇ. ಇಂಥ ಹಣದ ದಾವೆಯನ್ನು ಮೂರು ವರ್ಷದೊಳಗೆ ಹೂಡಬೇಕೆಂಬುದು ಕಾಯಿದೆ. ಆದರೆ ದಾವೆ ಹೂಡುವ ಮೊದಲೇ ಆತ ಸರಕಾರಕ್ಕೆ ಒಂದು ಮೊತ್ತವನ್ನು ಕಟ್ಟಬೇಕು. ಕರ್ನಾಟಕದಲ್ಲಿ ಬಹುಕಾಲ ನಡೆದುಬಂದ ದರದ ಪಟ್ಟಿಯಂತೆ ಎರಡು ಲಕ್ಷದ ದಾವೆಗೆ ಈ ಮೊತ್ತ 13,625 ರೂಪಾಯಿ. ವಕೀಲರ ಫೀ, ಓಡಾಟದ ಖರ್ಚು ಬೇರೆ. ಗೆದ್ದರೆ ಈ ಹಣವನ್ನು ಸೋತವನಿಂದ ವಸೂಲು ಮಾಡಲು ಅವಕಾಶವಿದೆ, ನಿಜ. ಆದರೆ ಗೆಲ್ಲುವುದು ಎಂದೋ, ಕಟ್ಟುವುದು ಇಂದೇ.

ಕೋರ್ಟು ಫೀ ಎಂದು ನಾವೆಲ್ಲ ಕರೆಯುವ ಈ ಹಣವನ್ನು ಕುರಿತು ಒಂದೇ ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಇದು ಶುಲ್ಕವೋ, ತೆರಿಗೆಯೋ?

ಹೆಸರಿನಲ್ಲಿ ಏನಿದೆ ಎಂದು ನೀವು ಕೇಳಬಹುದು. ಬಹಳವಿದೆ. ನಮ್ಮ ಸಂವಿಧಾನದ 265ನೆಯ ಅನುಚ್ಛೇದದಂತೆ ಶಾಸನದ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ. ಆದರೆ ಶಾಸನಬದ್ಧವಾಗಿ ತೆರಿಗೆ ಎತ್ತಿದ ಮೇಲೆ, 'ನಾನು ಕೊಟ್ಟ ರೂಪಾಯಿಗೆ ನನಗೇನು ಬಂತು?' ಎಂದು ಒಬ್ಬೊಬ್ಬ ಪ್ರಜೆಯೂ ಕೇಳಲು ಬರುವುದಿಲ್ಲ. ಶುಲ್ಕದ ಮಾತು ಹಾಗಲ್ಲ. ಅದು ಒಂದು ಸೇವೆಗಾಗಿ ಪಡೆದ ಹಣ. ಪಡೆದ ಹಣಕ್ಕೂ ಸಲ್ಲಿಸಿದ ಸೇವೆಗೂ ಸಂಬಂಧವಿರಬೇಕು. ಲೆಕ್ಕ ಕೇಳಿದರೆ ತೋರಿಸಬೇಕು.

ಈ ಭೇದವನ್ನು ನಮ್ಮ ದೇಶದಲ್ಲಿ ಸ್ಪಷ್ಟಗೊಳಿಸಿದ ಮೊಕದ್ದಮೆ ಕನ್ನಡ ನಾಡಿನದೇ. ಉಡುಪಿಯ ಶೀರೂರು ಮಠದ ಸ್ವಾಮಿಗಳು ಅಂದಿನ ಮದರಾಸು ಸರಕಾರದ ಧರ್ಮಾದಾಯ ಶಾಸನವನ್ನು ಪ್ರಶ್ನಿಸಿದ್ದರು. ಮಠಗಳಿಂದ ವಂತಿಗೆಯೆಂದು ವಸೂಲು ಮಾಡುತ್ತಿದ್ದ ಹಣ ರಾಜ್ಯದ ಸಂಚಿತ ನಿಧಿಗೆ ಹೋಗಿ ಸೇರುತ್ತಿತ್ತು. ಸಲ್ಲಿಸಿದ ಸೇವೆಗೂ ಅದಕ್ಕೂ ತಾಳೆಯಿರಲಿಲ್ಲ. 1954ರಲ್ಲಿ ಸುಪ್ರೀಂ ಕೋರ್ಟು, ಹೆಸರೇನೇ ಇರಲಿ, ಇದು ತೆರಿಗೆಯೇ ಎಂದು ತೀರ್ಮಾನಿಸಿತು. ಅದನ್ನು ವಿಧಿಸುವ ಅಧಿಕಾರ ಆ ರಾಜ್ಯಕ್ಕಿಲ್ಲವೆಂದಿತು.

ಇನ್ನು ಕೋರ್ಟು ಫೀಯ ಪೂರ್ವಕಥೆಯನ್ನು ತುಸು ನೋಡೋಣ. ಕಂಪನಿ ಸರಕಾರ 1795ರಲ್ಲಿ ಬಂಗಾಳದಲ್ಲಿ ದಾವೆಗಳ ಮೇಲೆ ಫೀ ಹಾಕಿದಾಗ ಹೇಳಿದ ಕಾರಣ, ಹುಸಿ ದಾವೆಗಳನ್ನು ತಡೆಯುವುದು ಎಂಬುದು. 1835ರಲ್ಲಿ ಮೆಕಾಲೆ ಈ ಕಾರಣವನ್ನು ಬಹಳವಾಗಿ ಗೇಲಿ ಮಾಡಿದ. ಸುಳ್ಳು ಫಿರ್ಯಾದಿಯನ್ನು ತಡೆಯುವ ಫೀ ನಿಜ ಫಿರ್ಯಾದಿಯನ್ನೂ ಅಷ್ಟೇ ತಡೆಯುತ್ತದೆಯಲ್ಲವೇ? ಅದಕ್ಕೆ ಸತ್ಯವಂತ ಯಾರು, ಠಕ್ಕ ಯಾರು ಎಂಬ ವಿವೇಕವಿಲ್ಲ. ಹಣವುಳ್ಳವನಾರು, ಇಲ್ಲದವನಾರು ಎಂಬುದೊಂದೇ ಅದಕ್ಕೆ ಗೊತ್ತು. ಆದರೂ ಫೀ ಉಳಿಯಿತು. 1870ರಲ್ಲಿ ಕೋರ್ಟು ಫೀ ಕಾಯಿದೆ ಬಂದಿತು. 1956ರ ನವೆಂಬರ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. 1958ರಲ್ಲಿ ನಮ್ಮ ರಾಜ್ಯ ತನ್ನದೇ ಕೋರ್ಟು ಫೀ ಮತ್ತು ದಾವೆಗಳ ಮೌಲ್ಯನಿರ್ಣಯದ ಕಾಯಿದೆಯನ್ನು ಮಾಡಿಕೊಂಡಿತು. ಅದೇ 1958ರಲ್ಲಿ ಸೆಟಲವಾಡರ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 14ನೆಯ ವರದಿಯಲ್ಲಿ, ನ್ಯಾಯದಾನ ಸರಕಾರದ ಮೂಲ ಕರ್ತವ್ಯ, ಅದರಿಂದ ಲಾಭ ಪಡೆಯುವುದು ತರವಲ್ಲ ಎಂಬ ಅಭಿಪ್ರಾಯವನ್ನು ಕೊಟ್ಟಿತು.

ಮದರಾಸಿನ ಜೆನಿತ್ ಲ್ಯಾಂಪ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಗೆರೆಯೆಳೆದು ಹೇಳಿತು: ಕೋರ್ಟು ಫೀ ತೆರಿಗೆಯಲ್ಲ, ಶುಲ್ಕ. ಸಿವಿಲ್ ನ್ಯಾಯದಾನದ ವೆಚ್ಚಕ್ಕೂ ಅದಕ್ಕೂ ಸ್ಥೂಲವಾದ ಸಂಬಂಧವಿರಬೇಕು. ರಸ್ತೆ ಮಾಡಲು, ಶಾಲೆ ಕಟ್ಟಲು ದಾವೆದಾರರಿಂದ ಹಣ ಎತ್ತುವಂತಿಲ್ಲ. ರಸ್ತೆ, ಶಾಲೆ ಒಳ್ಳೆಯವೇ. ಆದರೆ ಅವುಗಳ ಹೊರೆ ಎಲ್ಲ ಪ್ರಜೆಗಳದು, ನ್ಯಾಯ ಬೇಡಿ ಬಂದವನೊಬ್ಬನದಲ್ಲ.

ಮುಂದೆ ನಮ್ಮ ರಾಜ್ಯದ ಕಾಯಿದೆಯೇ ಕಟಕಟೆಗೆ ಬಂತು. ಅಶ್ವತ್ಥನಾರಾಯಣ ಶೆಟ್ಟಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಆ ಮೊಕದ್ದಮೆಯ ತೀರ್ಪು 1988ರಲ್ಲಿ ಹೊರಬಿದ್ದಿತು. ತೀರ್ಪಿತ್ತವರಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರಿದ್ದರು. ದಾವೆಯ ಮೊತ್ತ ಏರಿದಂತೆ ಮೇರೆಯಿಲ್ಲದೆ ಫೀಯೂ ಏರುವುದು ಸರಿಯೇ ಎಂಬುದು ಅಲ್ಲಿದ್ದ ಪ್ರಶ್ನೆ. ಪೈಸೆಗೆ ಪೈಸೆ ತಾಳೆ ಬೇಕಿಲ್ಲವೆಂದು ಹೇಳಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ಅಷ್ಟಕ್ಕೆ ಸುಮ್ಮನಾಗದೆ, ದರಗಳನ್ನು ಮರಳಿ ವಿವೇಚಿಸಿ ಯುಕ್ತಗೊಳಿಸುವುದು ಒಳಿತೆಂಬ ಮಾತನ್ನೂ ರಾಜ್ಯಗಳಿಗೆ ಹೇಳಿತು. ಕಾಯಿದೆ ಉಳಿದುಕೊಂಡಿತು ಎಂದ ಮಾತ್ರಕ್ಕೆ ಅದು ನ್ಯಾಯವಾಯಿತೆಂದು ತಿಳಿಯಬೇಕಾಗಿಲ್ಲ. ನ್ಯಾಯಾಲಯ ನೋಡುವುದು ಅಧಿಕಾರವಿದೆಯೇ ಎಂಬುದನ್ನು. ಔಚಿತ್ಯವಿದೆಯೇ ಎಂದು ನೋಡಬೇಕಾದವರು ಶಾಸನಸಭೆಯವರು ಮತ್ತು ಅವರನ್ನು ಆರಿಸಿದ ನಾವು.

ಔಚಿತ್ಯವನ್ನು ಲೆಕ್ಕ ಹಾಕಿಯೇ ನೋಡೋಣ. ಆಗ ಹೇಳಿದ ಪಟ್ಟಿಯಂತೆ ಮೊದಲ 15,000 ರೂಪಾಯಿಗೆ ನೂರಕ್ಕೆ ಎರಡೂವರೆ ದರ. ಅಲ್ಲಿಂದ 75,000ದ ವರೆಗಿನ ಹಣಕ್ಕೆ ನೂರಕ್ಕೆ ಏಳೂವರೆ. ಮುಂದೆ ಎರಡೂವರೆ ಲಕ್ಷದ ವರೆಗೆ ಏಳು. ಆಮೇಲೆ ದರ ಮೆಟ್ಟಿಲಿಳಿಯುತ್ತ ಹೋಗಿ, 30 ಲಕ್ಷ ಮೀರಿದ ಹಣಕ್ಕೆ ನೂರಕ್ಕೆ ಅರ್ಧ ರೂಪಾಯಿಗೆ ನಿಲ್ಲುತ್ತದೆ. ಆದುದರಿಂದ ಎರಡು ಲಕ್ಷದ ದಾವೆ ಹೂಡಿದ ಬೆಲ್ಲದ ರೈತ ನೂರಕ್ಕೆ ಸುಮಾರು ಏಳರಂತೆ ಕಟ್ಟಿದರೆ, ಎರಡು ಕೋಟಿಯ ದಾವೆ ಹೂಡಿದ ಧನಿಕ ಕಟ್ಟುವುದು 1,95,875 ರೂಪಾಯಿ. ಎಂದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದಾಯ ತೆರಿಗೆಯಲ್ಲಿ ಹಣ ಹೆಚ್ಚಿದಂತೆ ದರ ಹೆಚ್ಚುತ್ತದೆ. ಇಲ್ಲಿ ಅದು ತಿರುಗುಮುರುಗು.

ಅನಂತಪುರದಿಂದ ಗಡಿ ದೂರವೇನಲ್ಲ. ಅದರಾಚೆ ಮಹಾರಾಷ್ಟ್ರದಲ್ಲಿ 1959ರ ಕಾಯಿದೆ ಸಾಮಾನ್ಯ ದಾವೆಗಳ ಫೀಗೆ 15,000 ರೂಪಾಯಿಯ ಮೇಲ್ಮಿತಿಯನ್ನು ಹಾಕಿತ್ತು. ಆ ಮಿತಿ ಕ್ರಮೇಣ ಏರುತ್ತ 2018ರಲ್ಲಿ 10 ಲಕ್ಷವಾಯಿತು. ನಮ್ಮಲ್ಲಿ ಮೇಲ್ಮಿತಿಯೇ ಇಲ್ಲದೆ ನಡೆದು ಬಂದಿದೆ. ಒಂದೇ ಸಂತೆಗೆ ಹೋಗುವ, ಬೀಗತನ ಬೆಳೆಸುವ ಊರುಗಳಲ್ಲಿ ನ್ಯಾಯದ ಬೆಲೆ ಮಾತ್ರ ಗಡಿಗಲ್ಲಿಗೊಂದು ಬಗೆ. ಆದರೂ ಮೇಲ್ಮಿತಿಯಿಂದ ಅನುಕೂಲವಾಗುವುದು ದೊಡ್ಡ ದಾವೆಗೆ. ನಮ್ಮ ಬೆಲ್ಲದ ರೈತನಿಗೆ ಬೇಕಾದುದು ಕೆಳಗಿನ ಮೆಟ್ಟಿಲ ದರ ತಗ್ಗುವುದು.

ಈಗ ಲೆಕ್ಕಪತ್ರದ ಮಾತು. ಸರಕಾರದ ಮುಂಗಡ ಪತ್ರದಲ್ಲಿ ಕೋರ್ಟು ಫೀಯ ಸ್ಟಾಂಪಿನ ಆದಾಯ ಎಲ್ಲಿ ಬರುತ್ತದೆ ಗೊತ್ತೇ? 0030 ಎಂಬ ಲೆಕ್ಕ ಶೀರ್ಷಿಕೆಯಲ್ಲಿ, ಮುದ್ರಾಂಕ ಮತ್ತು ನೋಂದಣಿಯ ಜೊತೆಯಲ್ಲಿ. ಆ ಶೀರ್ಷಿಕೆ ಇರುವುದು ತೆರಿಗೆ ಆದಾಯದ ಸಾಲಿನಲ್ಲಿ! ನ್ಯಾಯಾಲಯ ತೆರಿಗೆಯಲ್ಲವೆಂದುದನ್ನು ಲೆಕ್ಕದ ಪುಸ್ತಕ ತೆರಿಗೆಯ ಪಂಕ್ತಿಯಲ್ಲೇ ಕೂಡಿಸಿದೆ. ವೆಚ್ಚ ಇರುವುದು 2014 ಎಂಬ ನ್ಯಾಯಾಡಳಿತದ ಶೀರ್ಷಿಕೆಯಲ್ಲಿ. ಅಲ್ಲಿ ಸಿವಿಲ್ ಮತ್ತು ಸೆಷನ್ಸ್ ನ್ಯಾಯಾಲಯಗಳು ಒಟ್ಟಿಗೇ. ಹಣವೆಲ್ಲ ಸಂಚಿತ ನಿಧಿಯಲ್ಲಿ ಬೆರೆತುಹೋಗುವುದರಿಂದ, ಸಿವಿಲ್ ದಾವೆದಾರನಿಂದ ಬಂದದ್ದೆಷ್ಟು, ಅವನ ಸಲುವಾಗಿ ವೆಚ್ಚವಾದದ್ದೆಷ್ಟು ಎಂಬುದು ಒಂದೇ ಪುಟದಲ್ಲಿ ನಮಗೆ ಕಾಣುವುದಿಲ್ಲ.

ಸರಕಾರದ ಪರವಾಗಿಯೂ ಎರಡು ಮಾತು ಹೇಳುವುದು ನ್ಯಾಯ. ಒಬ್ಬರೇ ನ್ಯಾಯಾಧೀಶರು ಬೆಳಿಗ್ಗೆ ಸಿವಿಲ್, ಮಧ್ಯಾಹ್ನ ಕ್ರಿಮಿನಲ್ ಕೆಲಸ ನೋಡುವಲ್ಲಿ ವೆಚ್ಚವನ್ನು ವಿಂಗಡಿಸುವುದು ಸುಲಭವಲ್ಲ. ಕಾಯಿದೆಯಲ್ಲಿ ದಯೆಯಿಲ್ಲವೆಂದೂ ಅಲ್ಲ. ಕಂದಾಯ ಕೊಡುವ ಹೊಲದ ದಾವೆಗೆ ಪೇಟೆಯ ಬೆಲೆಯನ್ನು ಹಿಡಿಯದೆ ಕಂದಾಯದ 25 ಪಟ್ಟನ್ನು ಬೆಲೆಯೆಂದು ಹಿಡಿಯುವ ಕ್ರಮವಿದೆ. ಫೀ ಕಟ್ಟಲಾರದ ನಿರ್ಗತಿಕನು ಅನುಮತಿ ಪಡೆದು ದಾವೆ ಹೂಡಬಹುದು. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಕಾರ್ಖಾನೆಯ ಕೆಲಸಗಾರರು ಉಚಿತ ನೆರವಿಗೆ ಅರ್ಹರು; ಕೋರ್ಟು ಫೀಯೂ ಆ ನೆರವಿನಲ್ಲಿ ಸೇರುತ್ತದೆ. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಸಾಕು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಫೀ ಮರಳಿ ಬರುವ ಏರ್ಪಾಡೂ ಇದೆ. ಆದರೆ ನಮ್ಮ ಬೆಲ್ಲದ ರೈತ ನಿರ್ಗತಿಕನೂ ಅಲ್ಲ, ಧನಿಕನೂ ಅಲ್ಲ. ನಡುವಿನವನಿಗೆ ಯಾವ ಬಾಗಿಲೂ ಸಲೀಸಾಗಿ ತೆರೆಯುವುದಿಲ್ಲ.

ಕೇಳಿದರೆ ಆಗುವುದೇನು ಎಂದು ನಿರಾಶರಾಗಬೇಡಿರಿ. ಮೇಲ್ಮನವಿಗಾಗಿ ಈ ಭಾಗದ ಜನ ಐದುನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿಯನ್ನು ತುಳಿದು ಬೆಂಗಳೂರಿಗೆ ಹೋಗಬೇಕಾಗಿದ್ದ ಕಾಲವಿತ್ತು. ಉತ್ತರ ಕರ್ನಾಟಕದ ವಕೀಲರೂ ಜನರೂ ವರ್ಷಾನುಗಟ್ಟಲೆ ಕೇಳಿದರು. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂತು. 2013ರಲ್ಲಿ ಅದು ಕಾಯಂ ಆಯಿತು.

ಈಗ ಕೇಳಬೇಕಾದುದು ಕಟ್ಟಡವಲ್ಲ, ಒಂದು ಪುಟ. ಪ್ರತಿವರ್ಷ ಮುಂಗಡ ಪತ್ರದೊಂದಿಗೆ ಸಿವಿಲ್ ನ್ಯಾಯದ ಜಮಾಖರ್ಚಿನ ಒಂದು ಪುಟ ಶಾಸನಸಭೆಯ ಮುಂದೆ ಬರಲಿ: ಬಂದ ಫೀ ಎಷ್ಟು, ವೆಚ್ಚವೆಷ್ಟು, ಖಾಲಿಯಿರುವ ನ್ಯಾಯಾಧೀಶರ ಹುದ್ದೆಗಳೆಷ್ಟು, ಐದು ವರ್ಷ ದಾಟಿದ ದಾವೆಗಳೆಷ್ಟು. ನಿಮ್ಮ ಶಾಸಕರು ಮತ ಕೇಳಲು ಬಂದಾಗ ಈ ಮಾತನ್ನು ಎತ್ತಿರಿ. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ 10 ರೂಪಾಯಿ ಕಟ್ಟಿ ಕಾನೂನು ಇಲಾಖೆಗೆ ಬರೆಯಿರಿ. 30 ದಿನಗಳಲ್ಲಿ ಉತ್ತರ ಬರಬೇಕು.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಹಿರಿಯರು ಆಡಿಕೊಂಡರು. ಈ ಗಾದೆ ಹುಟ್ಟಿದ್ದು ನ್ಯಾಯಾಧೀಶರ ತೀರ್ಪಿನಿಂದಲ್ಲ. ಆ ತೀರ್ಪಿನ ವರೆಗೆ ತಲುಪುವ ಖರ್ಚಿನಿಂದ, ಕಾಲಹರಣದಿಂದ. ಸಾಲ ಕೊಟ್ಟವನು ಲೆಕ್ಕ ಕೇಳುತ್ತಾನೆ; ಸಾಲ ತಂದವನು ಲೆಕ್ಕ ಕೊಡುತ್ತಾನೆ. ನ್ಯಾಯಕ್ಕೆಂದು ಪ್ರಜೆ ಮುಂಗಡವಾಗಿ ಕೊಟ್ಟ ಹಣಕ್ಕೆ ಸರಕಾರ ಅಷ್ಟನ್ನಾದರೂ ಮಾಡಬೇಕು.