ಕತ್ತಲಾಗುವ ಮೊದಲೇ ಲೆಕ್ಕ ಹಾಕಿ



2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತ ಕತ್ತಲಲ್ಲಿ ಮುಳುಗಿತು. 60 ಕೋಟಿಗೂ ಹೆಚ್ಚು ಜನ ವಾಸಿಸುವ ನೆಲ! ಕಾರಣವೇನು? ತಂತಿ ಹರಿದಿರಲಿಲ್ಲ, ಮರ ಬಿದ್ದಿರಲಿಲ್ಲ. ಬೀನಾ-ಗ್ವಾಲಿಯರ್ ಮಾರ್ಗದ ರಿಲೇ, ಮಿತಿಮೀರಿದ ಹೊರೆಯನ್ನೇ ದೋಷವೆಂದು ತಿಳಿದು ಮಾರ್ಗವನ್ನು ಕಡಿಯಿತು. ಆ ಹೊರೆ ಬೇರೆ ಮಾರ್ಗಗಳ ಮೇಲೆ ಬಿತ್ತು. ಒಂದರ ಹಿಂದೊಂದು ಕಳಚಿದವು.

ಅಂದು ನಾವು ಉಳಿದೆವು. ಏಕೆಂದರೆ ದಕ್ಷಿಣದ ಜಾಲ ಉತ್ತರದೊಡನೆ ಒಂದೇ ಆವರ್ತನದಲ್ಲಿ ಬೆಸೆದಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗ ಆ ಬೆಸುಗೆ ಹಾಕಿತು. ಕೊರತೆಯಾದಾಗ ಹೊರಗಿನ ವಿದ್ಯುತ್ ಬರುತ್ತದೆ, ಒಳ್ಳೆಯದೇ. ಆದರೆ ಅಲ್ಲಿಯ ತಪ್ಪೂ ಇಲ್ಲಿಗೆ ಹರಿದು ಬರಬಹುದಲ್ಲವೇ?

ಈಗ ಸ್ಮಾರ್ಟ್ ಗ್ರಿಡ್ ಬರುತ್ತಿದೆ. ಕ್ಷಣಾರ್ಧದ ತೀರ್ಮಾನಗಳನ್ನು ಯಂತ್ರಗಳೇ ಮಾಡುತ್ತವೆ. ಹಾಗಾದರೆ ಪ್ರತಿ ಯಂತ್ರದ ನಿಯಮವನ್ನೂ ಮೊದಲು ಗಣಿತದಲ್ಲಿ ಬರೆಯಬೇಕು. ಆ ಮಾದರಿಯಲ್ಲಿ ಒದಗಬಹುದಾದ ಸ್ಥಿತಿಗಳನ್ನೆಲ್ಲ ಕಂಪ್ಯೂಟರಿನಿಂದ ಜಾಲಾಡಿಸಬೇಕು. ಹತ್ತು ಪರೀಕ್ಷೆ ಗೆದ್ದರೆ ಸಾಲದು. ಹನ್ನೊಂದನೆಯದರಲ್ಲಿ ಸೋತರೆ ನಿಲ್ಲುವುದು ರೈತನ ಪಂಪ್‌ಸೆಟ್ಟು, ಆಸ್ಪತ್ರೆಯ ಯಂತ್ರ. ನೆನಪಿಡಿ, ಮಾದರಿಗೆ ಸುಳ್ಳು ಅಂಕಿ ಕೊಟ್ಟರೆ ಅದು ಸುಳ್ಳನ್ನೇ ಹೇಳುತ್ತದೆ.

ಹೊಸ ಉಪಕರಣ ಬಂದಾಗ ಬೆಲೆಯೆಷ್ಟು ಎಂದಷ್ಟೇ ಕೇಳಬೇಡಿ. ಲೆಕ್ಕ ಹಾಕಿ ನೋಡಿದ್ದೀರಾ ಎಂದೂ ಕೇಳಿ.