ಬುಡಾಪೆಸ್ಟ್‌ನಿಂದ ಮೆಲ್ಬರ್ನ್‌ಗೆ: ಒಂದು ವಾಟರ್‌ಪೋಲೊ ತಂಡದ ಸಿದ್ಧತೆ



ವಾಟರ್‌ಪೋಲೊ ನಮ್ಮಲ್ಲಿ ಜನ ಮುಗಿಬಿದ್ದು ನೋಡುವ ಆಟವಲ್ಲ. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಇದರಲ್ಲಿ ಚಿನ್ನ ಗೆದ್ದಿತ್ತು ಎಂಬುದು ಎಷ್ಟೋ ಜನರಿಗೆ ನೆನಪಿಲ್ಲ. ಆದ್ದರಿಂದ ಆಟದ ಪರಿಚಯದಿಂದಲೇ ಆರಂಭಿಸುವುದು ಲೇಸು.

ನೀರಿನಲ್ಲಿ ತಂಡಕ್ಕೆ ಏಳು ಮಂದಿ, ಅವರಲ್ಲೊಬ್ಬ ಗೋಲ್‌ಕೀಪರ್. ಆಟಗಾರರು ಕೊಳದ ತಳಕ್ಕೆ ಕಾಲೂರಿ ಆಡುವಂತಿಲ್ಲ. ಗೋಲ್‌ಕೀಪರ್‌ನ ಹೊರತು ಉಳಿದವರು ಚೆಂಡನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ಒಂದೇ ಕೈಯಲ್ಲಿ ಎಸೆಯಬೇಕು. ಎಸೆಯುವಾಗ ದೇಹ ನೀರಿನಿಂದ ಮೇಲೇಳಬೇಕಾದರೆ ಕಾಲುಗಳು ಮೊಸರು ಕಡೆಯುವ ಕಡಗೋಲಿನಂತೆ ಬಿಡುವಿಲ್ಲದೆ ಸುತ್ತುತ್ತಿರಬೇಕು. ಇದರ ಮೇಲೆ ರೆಫರಿಯ ಕಣ್ಣಿಗೆ ಬೀಳದಂತೆ ನೀರಿನಡಿಯಲ್ಲಿ ನಡೆಯುವ ಎಳೆದಾಟ, ಒದೆತ. ಇಂಥ ಆಟವನ್ನು ನಾಲ್ಕಾರು ವಾರಗಳ ಶಿಬಿರದಲ್ಲಿ ಕಲಿಯಲಾಗುವುದಿಲ್ಲ. ಅದಕ್ಕೆ ವರ್ಷಗಳೇ ಬೇಕು. ಹಾಗೆ ವರ್ಷಗಟ್ಟಲೆ ಕಲಿತದ್ದರ ಬೆಲೆಯೇನು ಎಂಬುದು ತಿಳಿಯಬೇಕಾದರೆ 1956ರ ಹಂಗೆರಿ ತಂಡದ ಕಥೆಯನ್ನು ನೋಡಬೇಕು.

ಹಂಗೆರಿಗೆ ಸಮುದ್ರವಿಲ್ಲ. ಆದರೆ ರಾಜಧಾನಿ ಬುಡಾಪೆಸ್ಟ್‌ನ ನೆಲದಡಿಯಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಹೊರಗೆ ಹಿಮ ಸುರಿಯುವ ಕಾಲದಲ್ಲೂ ಈಜುವುದಕ್ಕೆ ಅಲ್ಲಿ ಅಡ್ಡಿಯಿಲ್ಲ. 1896ರ ಒಲಿಂಪಿಕ್ಸ್‌ನಲ್ಲಿ ಈಜಿಗೆ ಎರಡು ಚಿನ್ನ ಗೆದ್ದ ಆಲ್ಫ್ರೆಡ್ ಹಯೋಶ್ ಮುಂದೆ ವಾಸ್ತುಶಿಲ್ಪಿಯಾಗಿ, ನಗರದ ಮಾರ್ಗರೆಟ್ ದ್ವೀಪದಲ್ಲಿ ಈಜುಕೊಳದ ಕಟ್ಟಡವೊಂದನ್ನು ರೂಪಿಸಿದರು. 1933ರಲ್ಲಿ ತೀರಿಕೊಂಡ ತರಬೇತುದಾರ ಬೇಲಾ ಕೊಮ್ಯಾಡಿ ಆಟಕ್ಕೆ ಭದ್ರ ಬುನಾದಿ ಹಾಕಿಕೊಟ್ಟರು. ಒಬ್ಬರು ಕಲಿತದ್ದನ್ನು ಮುಂದಿನವರಿಗೆ ಕಲಿಸುವ ಪರಂಪರೆ ಹೀಗೆ ಬೆಳೆಯಿತು. 1928ರಿಂದ 1980ರವರೆಗೆ ನಡೆದ ಯಾವ ಒಲಿಂಪಿಕ್ಸ್‌ನಿಂದಲೂ ಹಂಗೆರಿಯ ವಾಟರ್‌ಪೋಲೊ ತಂಡ ಬರಿಗೈಯಲ್ಲಿ ಮರಳಲಿಲ್ಲ.

1952ರಲ್ಲಿ ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದ ಮೇಲೆ ಈ ವಿದ್ಯೆಯ ಮೇಲೆ ಸೋವಿಯತ್ ಒಕ್ಕೂಟದ ಕಣ್ಣು ಬಿತ್ತು. ಆಗ ಹಂಗೆರಿ ಸೋವಿಯತ್ ಹಿಡಿತದಲ್ಲಿದ್ದ ದೇಶ. ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಮುನ್ನ ಸೋವಿಯತ್ ಆಟಗಾರರು ಹಂಗೆರಿಗೇ ಬಂದು ಅಲ್ಲಿನವರ ಜೊತೆ ಅಭ್ಯಾಸ ಮಾಡಿದರು. ನಾಳೆ ಎದುರಾಳಿಯಾಗುವವನಿಗೆ ಇಂದು ಪಾಠ ಹೇಳಿಕೊಡಬೇಕು. ಬೇಡ ಎನ್ನುವ ಸ್ವಾತಂತ್ರ್ಯ ಹಂಗೆರಿಯವರಿಗೆ ಇರಲಿಲ್ಲ.

1956ರ ಅಕ್ಟೋಬರ್ 23ರಂದು ಬುಡಾಪೆಸ್ಟ್‌ನಲ್ಲಿ ಜನ ದಂಗೆಯೆದ್ದರು. ರಾಷ್ಟ್ರೀಯ ತಂಡ ಆಗ ನಗರದ ಪಕ್ಕದ ಬೆಟ್ಟದ ಮೇಲಿನ ಶಿಬಿರದಲ್ಲಿತ್ತು. ಆಟಗಾರರಿಗೆ ಗುಂಡಿನ ಸದ್ದು ಕೇಳುತ್ತಿತ್ತು, ಹೊಗೆ ಕಾಣುತ್ತಿತ್ತು. ಕೆಳಗಿದ್ದ ಮನೆಯವರ ಗತಿಯೇನು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಅವರನ್ನು ಅಲ್ಲಿಂದ ನೆರೆಯ ಚೆಕೊಸ್ಲೊವಾಕಿಯಾಕ್ಕೆ ಸಾಗಿಸಲಾಯಿತು. ತಂಡದ ಹಿರಿಯ ಆಟಗಾರ ದೆಜೊ ಗ್ಯಾರ್ಮತಿ ಮತ್ತು ಅವರ ಪತ್ನಿ, ಈಜುಗಾರ್ತಿ ಏವಾ ಸೆಕೆಯ್, ಇಬ್ಬರೂ ಒಲಿಂಪಿಕ್ಸ್‌ಗೆ ಹೊರಟವರು. ಎರಡು ವರ್ಷದ ಮಗಳನ್ನು ಊರಿನಲ್ಲೇ ಬಿಟ್ಟು ಬಂದಿದ್ದರು.

ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟ್‌ಗೆ ನುಗ್ಗಿ ದಂಗೆಯನ್ನು ಹೊಸಕಿಹಾಕಿದವು. ಇದರ ಪೂರ್ಣ ಚಿತ್ರ ತಂಡಕ್ಕೆ ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ ಇಳಿದ ಮೇಲೆ. ಇಂಗ್ಲಿಷ್ ಬಲ್ಲ ಆಟಗಾರ ಮಿಕ್ಲೋಶ್ ಮಾರ್ಟಿನ್ ಪತ್ರಿಕೆ ಓದಿ ಉಳಿದವರಿಗೆ ಅರ್ಥ ಹೇಳಿದರು. ಸೋವಿಯತ್ ದಾಳಿಯನ್ನು ಪ್ರತಿಭಟಿಸಿ ಸ್ಪೇನ್, ನೆದರ್‌ಲೆಂಡ್ಸ್ ಮತ್ತು ಸ್ವಿಟ್ಜರ್‌ಲೆಂಡ್ ಕ್ರೀಡಾಕೂಟದಿಂದ ಹೊರಗುಳಿದವು. ಹಂಗೆರಿಯ ಆಟಗಾರರು ಮಾತ್ರ ನೀರಿಗಿಳಿದರು.

ಡಿಸೆಂಬರ್ 6ರಂದು ಎದುರಿಗೆ ಬಂದದ್ದು ಸೋವಿಯತ್ ತಂಡವೇ. ಹಂಗೆರಿಯವರು ಶಾಲೆಯಲ್ಲಿ ಕಡ್ಡಾಯವಾಗಿ ರಷ್ಯನ್ ಕಲಿತವರು. ಅದೇ ಭಾಷೆಯಲ್ಲಿ ಕೆಣಕಿ ಎದುರಾಳಿಯ ತಾಳ್ಮೆ ಕೆಡಿಸುವುದು ಅವರ ಉಪಾಯ. ಕೈಕೈ ಮಿಲಾಯಿಸಿದ ಆಟದಲ್ಲಿ ಹಂಗೆರಿ 4-0 ಮುನ್ನಡೆ ಸಾಧಿಸಿತು. ಅದರಲ್ಲಿ ಎರಡು ಗೋಲು ಎರ್ವಿನ್ ಜಾದೋರ್ ಅವರದು. ಇನ್ನೇನು ಆಟ ಮುಗಿಯಬೇಕು, ಅಷ್ಟರಲ್ಲಿ ವ್ಯಾಲೆಂಟಿನ್ ಪ್ರೊಕೊಪೊವ್ ಜಾದೋರ್ ಅವರ ಮುಖಕ್ಕೆ ಗುದ್ದಿದರು. ಕಣ್ಣಿನ ಬಳಿ ಗಾಯವಾಗಿ ರಕ್ತ ಸುರಿಯಿತು. ಪ್ರೇಕ್ಷಕರು ಕೊಳದ ಅಂಚಿಗೆ ನುಗ್ಗಿದಾಗ ಪೊಲೀಸರು ಬರಬೇಕಾಯಿತು. ಪಂದ್ಯ ಅಲ್ಲಿಗೇ ನಿಂತಿತು, ಗೆಲುವು ಹಂಗೆರಿಗೆ ಸಂದಿತು.

ಜಗತ್ತು ನೆನಪಿಟ್ಟುಕೊಂಡದ್ದು ಆ ರಕ್ತವನ್ನು. ಆದರೆ ಏಟು ಬೀಳುವ ಮೊದಲೇ ನಾಲ್ಕು ಗೋಲುಗಳಾಗಿದ್ದವು ಎಂಬುದನ್ನು ಮರೆಯಬಾರದು. ಬರೀ ಸಿಟ್ಟಿನಿಂದ ಗೋಲು ಬರುವುದಿಲ್ಲ. ಮನೆ, ಊರು, ನಿದ್ದೆ ಎಲ್ಲ ಕೈತಪ್ಪಿದಾಗ ಅವರ ಬಳಿ ಉಳಿದದ್ದು ಚಿಕ್ಕಂದಿನಿಂದ ಮೈಗೂಡಿದ ವಿದ್ಯೆಯೊಂದೇ. ಗಾಯಗೊಂಡ ಜಾದೋರ್ ಇಲ್ಲದೆಯೂ ಯುಗೊಸ್ಲಾವಿಯಾವನ್ನು 2-1ರಿಂದ ಸೋಲಿಸಿ ತಂಡ ನಾಲ್ಕನೆಯ ಒಲಿಂಪಿಕ್ ಚಿನ್ನ ಗೆದ್ದದ್ದೂ ಅದರ ಬಲದಿಂದಲೇ.

ಗೆದ್ದವರು ಒಟ್ಟಾಗಿ ಊರಿಗೆ ಮರಳಲಿಲ್ಲ. ಹಂಗೆರಿಯಿಂದ ಬಂದ ಕ್ರೀಡಾಪಟುಗಳಲ್ಲಿ ಹಲವರು ಹೊರದೇಶಗಳಲ್ಲೇ ಉಳಿದರು. ಜಾದೋರ್ ಅಮೆರಿಕ ಸೇರಿ ಈಜು ಕಲಿಸುವ ಕೆಲಸ ಹಿಡಿದರು. ಅವರ ಬಳಿ ಕಲಿತ ಹುಡುಗರಲ್ಲಿ ಮಾರ್ಕ್ ಸ್ಪಿಟ್ಜ್ ಒಬ್ಬ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಏಳು ಚಿನ್ನ ಗೆದ್ದವನು ಅವನೇ. ಅದೇ ಕೂಟದಲ್ಲಿ ಗ್ಯಾರ್ಮತಿ ದಂಪತಿಯ ಮಗಳು ಆಂದ್ರೆಯಾ ಹಂಗೆರಿಯ ಪರ ಈಜಿ ಪದಕ ಪಡೆದಳು. 1964ರಲ್ಲಿ ಆಟಗಾರನಾಗಿ ಮತ್ತೊಮ್ಮೆ ಚಿನ್ನ ಗೆದ್ದಿದ್ದ ಗ್ಯಾರ್ಮತಿ, 1976ರಲ್ಲಿ ತರಬೇತುದಾರರಾಗಿ ದೇಶಕ್ಕೆ ಚಿನ್ನ ತಂದುಕೊಟ್ಟರು.

ದೊಡ್ಡ ಪಂದ್ಯಾವಳಿ ಹತ್ತಿರ ಬಂದಾಗ ಶಿಬಿರ ಎಷ್ಟು ದಿನ, ಖರ್ಚು ಎಷ್ಟು ಎಂದು ಎಲ್ಲ ದೇಶಗಳೂ ಲೆಕ್ಕ ಹಾಕುತ್ತವೆ. ಆ ಲೆಕ್ಕವೂ ಬೇಕು. ಆದರೆ ಮೆಲ್ಬರ್ನ್‌ನಲ್ಲಿ ಗೆದ್ದ ತಂಡದ ಸಿದ್ಧತೆ ಆರಂಭವಾದದ್ದು 1956ರಲ್ಲಿ ಅಲ್ಲ. ಆ ಆಟಗಾರರಲ್ಲಿ ಹೆಚ್ಚಿನವರು ಹುಟ್ಟುವ ಮುನ್ನವೇ, ಬಿಸಿನೀರಿನ ಕೊಳಗಳ ಬಳಿ ಯಾರೋ ಹಿರಿಯರು ಮಕ್ಕಳನ್ನು ನೀರಿಗಿಳಿಸಿ ಚೆಂಡು ಎಸೆಯಲು ಕಲಿಸಿದ ದಿನ ಅದು ಆರಂಭವಾಗಿತ್ತು.